ಕಾಕಾನ ಪರಸ್ಥಳದ ಹಲ್ಲಿ

ನಮ್ಮ ಕಾಕಾ ಎದುರಿಗಿದ್ದವರ ಮುಖ ನೋಡಿ ಮಾತನಾಡಿದ್ದನ್ನು ಕಂಡವರು ಇಳಕಲ್ಲಿನಲ್ಲಿ ಯಾರೂ ಇರಲಾರರು! ಅವರ ದೃಷ್ಟಿ ಸದಾ ನಮ್ಮ ತಲೆಗಿಂತ ಒಂದು ಮೊಳ ಮೇಲೆ, ಗೋಡೆಯಲ್ಲಿ. ಅಲ್ಲಿ ಹಲ್ಲಿ ಇದೆಯೇ? ಇದ್ದರೆ ಯಾವ ಜಾತಿಯದು? ಇಷ್ಟು ಇತ್ಯರ್ಥವಾದ ಮೇಲೆಯೇ ಕುಶಲಪ್ರಶ್ನೆ.

ಅವರ ಮನೆಯೆದುರು ಲಾರಿ ಆಫೀಸಿದೆ. ಗ್ರಾನೈಟ್ ಕೊಯ್ಯುವ ಯಂತ್ರಗಳನ್ನು ತುಂಬಿಕೊಂಡು ಉತ್ತರದಿಂದ ಬರುವ ಕಟ್ಟಿಗೆಯ ಪೆಟ್ಟಿಗೆಗಳಿಂದ ಹಳದಿ ಹೊಟ್ಟೆಯ, ನುಣುಪು ಬೆನ್ನಿನ ಹೊಸ ಹಲ್ಲಿಯೊಂದು ಊರಿಗಿಳಿದದ್ದನ್ನು ಮೊದಲು ಕಂಡವರು ಅವರೇ. ಹಲ್ಲಿ ಹುನಗುಂದದ ಬಸ್ ನಿಲ್ದಾಣ ಸೇರಿತು. ಕಾಕಾ ಬಸ್ ಹತ್ತಿದರು. ಹಲ್ಲಿ ಬಾದಾಮಿಯ ಲಾಡ್ಜು ಹೊಕ್ಕಿತು. ಕಾಕಾ ಅಲ್ಲಿ ಖೋಲಿ ಹಿಡಿದರು. ಬಾಗಲಕೋಟೆಯ ಬೀಗರ ಮನೆಗೆ ಸಾವಿನ ಸಮಾಧಾನ ಹೇಳಲು ಹೋದವರು ಟ್ಯೂಬ್‌ಲೈಟಿನ ಹಿಂದೆ ಇಣುಕಿ, "ಇಲ್ಲೀಗೂ ಬಂದದ ನೋಡ್ರಿ" ಎಂದರು. ಯಮನೇ ಮರಳಿ ಬಂದನೆಂದು ತಿಳಿದು ಅಲ್ಲಿದ್ದ ಮುದುಕಿಯೊಬ್ಬರು ಮೊದಲಿನಿಂದ ಅಳತೊಡಗಿದರು.

ಇದೆಲ್ಲ ನನಗೇಕೆ? ಹೇಳುತ್ತೇನೆ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಹಲ್ಲಿ ಶಕುನವೆಂಬ ಮೌಢ್ಯವನ್ನು ಈ ಸೀಮೆಯಿಂದ ಕೀಳುವುದೇ ನನ್ನ ವ್ರತ. ಕೆರೂರಿನ ಸಂತೆಯಲ್ಲಿ ಪೂರ್ವಪಕ್ಷ, ಖಂಡನೆ, ಸಿದ್ಧಾಂತಗಳೊಂದಿಗೆ ಭಾಷಣ ಮಾಡಿದೆ. ಕೊನೆಯವರೆಗೂ ಕೇಳಿದ್ದು ಬದನೆಕಾಯಿ ರಾಶಿ ಬಿಟ್ಟು ಏಳಲಾಗದ ಒಬ್ಬ ಹೆಣ್ಣುಮಗಳು. ಮುಗಿದ ಮೇಲೆ ಆಕೆ, ಬೆಳಿಗ್ಗೆ ಹೊರಡುವಾಗ ಹಲ್ಲಿ ನುಡಿಯಿತು, ಮಗಳನ್ನು ಬೇವೂರಿಗೆ ಕಳಿಸಲೋ ಬೇಡವೋ ಎಂದು ನನ್ನನ್ನೇ ಕೇಳಿದಳು! ಹಲ್ಲಿ ಅರಸುತ್ತ ಅಲ್ಲಿಗೂ ಬಂದಿದ್ದ ಕಾಕಾ ಅದರ ಹೊಟ್ಟೆಯ ಬಣ್ಣ ವಿಚಾರಿಸಿದರು. ಹಳದಿಯೆಂದಳು.

"ಅದು ಪರಸ್ಥಳದ್ದು, ಯವ್ವಾ. ಅದಕ್ಕ ನಮ್ಮ ಶಕುನ ಏನ್ ತಿಳೀತದ? ಕಳಸು."

ಕಳಿಸಿಯೇ ಬಿಟ್ಟಳು! ಆ ಮಾತು ಸಂತೆಯಿಂದ ಊರೂರಿಗೆ ಹಬ್ಬಿತು. ಹಲ್ಲಿ ನುಡಿದರೂ ಜನ ಚಪ್ಪಲಿ ಮೆಟ್ಟಿ ಹೊರಡತೊಡಗಿದರು. ನನ್ನ ಶುದ್ಧ ತರ್ಕಕ್ಕೆ ಅಲುಗದ ಮೌಢ್ಯ ಇಂಥ ಕೊಳೆತ ತರ್ಕಕ್ಕೆ ಉರುಳುವುದೆಂದರೆ! ಹೊಟ್ಟೆಕಿಚ್ಚಿನಿಂದ ನನಗೆ ರೊಟ್ಟಿ ಇಳಿಯುತ್ತಿರಲಿಲ್ಲ.

ಹೀಗಿರುವಾಗ ನನ್ನ ತಂಗಿಯನ್ನು ನೋಡಲು ಹುನಗುಂದದವರು ಬಂದರು. ಹುಡುಗ, ಹುಡುಗಿ ಮೊದಲೇ ಒಪ್ಪಿದ್ದರು. ಹಿಂದೊಂದು ಸಂಬಂಧ ಮುರಿದು ಮಂಕಾಗಿದ್ದ ತಂಗಿ ಬಹಳ ದಿನಗಳ ಮೇಲೆ ನಕ್ಕಿದ್ದಳು. ಉಳಿದದ್ದು ಹುಡುಗನ ತಾಯಿಯ ಒಪ್ಪಿಗೆ. ಆಕೆ ಅವಲಕ್ಕಿಯ ತಾಟಿಗೆ ಕೈಯಿಟ್ಟಾಗ ಮಾಡಿನಿಂದ ಹಲ್ಲಿ ಬಿತ್ತು, ಬಲಭುಜದ ಮೇಲೆ. ಹೆಂಗಸರಿಗೆ ಬಲಗಡೆ ಬಿದ್ದರೆ ಕೇಡೆಂಬುದು ಇಲ್ಲಿಯ ನಂಬಿಕೆ. ಆಕೆ ತಾಟು ಕೆಳಗಿಟ್ಟರು. ತಂಗಿಯ ಮುಖ ಬಿಳಿಚಿತು. ನಾನು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಕಾಕಾ ಜೀವಮಾನದಲ್ಲಿ ಮೊದಲ ಬಾರಿಗೆ ಗೋಡೆ ಬಿಟ್ಟು ಎದುರಿನವರ ಮುಖ ನೋಡಿದರು.

"ಪರಸ್ಥಳದ್ದರಿ ಅಕ್ಕಾರ. ಲಾರಿಯಾಗ ಬಂದದ್ದು. ನೀವು ತಿನ್ರಿ."

ಆಕೆ ನಕ್ಕು ತಾಟು ಎತ್ತಿಕೊಂಡರು. ಹೋಗುವ ಮುನ್ನ ತಂಗಿಯ ಮುಡಿಗೆ ಹೂವಿಟ್ಟರು.

ಆದರೆ ನಾನು ಆ ಹಲ್ಲಿಯನ್ನು ಕಂಡಿದ್ದೆ! ಬೆನ್ನ ತುಂಬ ಒರಟು ಚುಕ್ಕೆ, ಬಿಳಿಯ ಹೊಟ್ಟೆ. ಅಪ್ಪಟ ನಮ್ಮೂರ ಹಲ್ಲಿ. ಇಂಥ ಅವಕಾಶವನ್ನು ಯಾವ ವಾಗ್ಮಿ ಬಿಟ್ಟಾನು? ಬೀಗರು ಹೋದೊಡನೆ ಕಾಕಾನ ಪಾಂಡಿತ್ಯವನ್ನು ಖಂಡಿಸಿಯೇ ಬಿಡುವೆನೆಂದು ಹಿತ್ತಲಿಗೆ ನಡೆದೆ. ಅವರು ಉಟ್ಟ ಧೋತರದಲ್ಲೇ ಕುಳಿತು ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತಿದ್ದರು.

"ಕಾಕಾ, ಅದು ನಮ್ಮ ಹಲ್ಲಿ."

"ನಮ್ಮದ. ನನಗ ಗೊತ್ತಾಗೂದಿಲ್ಲೇನು?"

"ಮತ್ತ ಈ ಜಳಕಾ?"

"ಬಿದ್ದ ಮ್ಯಾಲ ಜಳಕಾ ಮಾಡಬೇಕೋ. ಆಕಿಗೆ ಹೇಳಿದ್ರ ಸಂಬಂಧ ಮುರೀತದ. ಅದಕ್ಕ ಆಕಿ ಪಾಲಿಂದು ನಾ ಮಾಡಾಕತ್ತೇನಿ. ಕೇಡು ಏನರ ಇದ್ರ ನನಗ ಇರ್ಲಿ, ಕೂಸಿಗೆ ಬ್ಯಾಡ."

ಅವರ ಹಲ್ಲು ಚಳಿಗೆ ಕಟಕಟಿಸುತ್ತಿತ್ತು. ಖಂಡನೆಯ ಮೊದಲ ವಾಕ್ಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಕಾಕಾ ತಂಬಿಗೆಯನ್ನು ನನ್ನತ್ತ ಚಾಚಿದರು.

"ಬೆನ್ನಿಗೆ ನೀ ಹಾಕು. ನನ್ನ ಕೈ ಮುಟ್ಟೂದಿಲ್ಲ."

ಹಾಕಿದೆ. ಒಂದಿಷ್ಟೂ ಒಣಗಿ ಉಳಿಯದಂತೆ, ಬಲಭುಜದಿಂದ ಶುರುಮಾಡಿ ಹಾಕಿದೆ.