ಎಡಕ್ಕೆ ನಿಂತ ಕತ್ತು

ಇನ್ನು ಈ ಜನ್ಮದಲ್ಲಿ ತಲೆನೋವಿಗೆಂದು ಒಂದೇ ಒಂದು ಮಾತ್ರೆ ನುಂಗುವುದಿಲ್ಲ! ಹಾಗೆಂದು ಶನಿವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ಒಂಬತ್ತು ವರ್ಷಗಳಿಂದ ನನ್ನ ತಲೆಯ ಎಡಭಾಗದಲ್ಲಿ ಠಿಕಾಣಿ ಹೂಡಿರುವ ಮೈಗ್ರೇನನ್ನು ಒಕ್ಕಲೆಬ್ಬಿಸಲು ಕೊಳ್ಳೇಗಾಲಕ್ಕೇ ಕೈರೋಪ್ರ್ಯಾಕ್ಟರ್ ಒಬ್ಬರು ಬಂದಿದ್ದರು. ಕತ್ತಿನ ಮೂಳೆಯನ್ನು ಲಟಕ್ಕೆನಿಸಿದರೆ ತಲೆನೋವು ಮಾಯ ಎಂದು ಮೊಬೈಲಿನ ಮೂವತ್ತು ವಿಡಿಯೋಗಳು ಆಣೆ ಮಾಡಿದ್ದವು.

“ಮೈಸೂರ್ಗೆ ಓಗಿ ನರದ ಡಾಕ್ಟ್ರಿಗೆ ತೋರ್ಸಿ ಅಂದ್ರೆ ಕೇಳಕಿಲ್ಲ,” ಎಂದಳು ಹೆಂಡತಿ ಕೋಮಲ, ಮುದ್ದೆಯ ಎಸರಿಗೆ ಹಿಟ್ಟು ಸುರಿಯುತ್ತ. “ಇರದು ಒಂದೇ ಕತ್ತು. ನೋಡ್ಕಂಡು ಓಗ್ಬನ್ನಿ.”

ಆ ಕೈರೋಪ್ರ್ಯಾಕ್ಟರ್, ಡಾಕ್ಟರ್ ಮಣಿಕಂಠ, ಬಲು ಸಜ್ಜನರು. ನನ್ನನ್ನು ಮಂಚದ ಮೇಲೆ ಮಲಗಿಸಿ, ತಲೆಯನ್ನು ಎಳೆಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು, “ಮೈ ಸಡ್ಲ ಬಿಡಿ ಸಾ. ಅಲ್ಲಾಡ್ಬೇಡಿ,” ಎಂದರು. ಬಿಟ್ಟೆ. ಅವರು ಕೈ ತಿರುಗಿಸುವುದಕ್ಕೂ ನನ್ನ ಜೇಬಿನ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಆಫೀಸಿನ ಕರೆಯೇನೋ ಎಂದು ಗಕ್ಕನೆ ಹೊರಳಿದೆ. ಲಟಕ್ ಎಂದಿತು. ಎಡಕ್ಕೆ ಹೋದ ಕತ್ತು ಅಲ್ಲೇ ನಿಂತುಬಿಟ್ಟಿತು.

“ಅಲ್ಲಾಡ್ಬೇಡಿ ಅಂದಿದ್ನಲ್ಲ ಸಾ.” ಡಾಕ್ಟರ ದನಿ ನನಗಿಂತ ದಣಿದಿತ್ತು. “ಸ್ನಾಯು ಇಡ್ಕಂಡದೆ. ಒಂದ್ವಾರ ಶಾಖ ಕೊಡಿ, ಬಿಡ್ತದೆ.”

ಮನೆಗೆ ಮರಳುವಾಗ ನಮ್ಮೂರು ಮುಳ್ಳೂರಿನ ಬಸ್ಸಿನಲ್ಲಿ ನನ್ನ ಎಡಕ್ಕೆ ಕೂತಿದ್ದ ಹೆಂಗಸು ಎರಡು ಸ್ಟಾಪು ಸಹಿಸಿಕೊಂಡರು.

“ಏನ್ ಸಾ, ಆಗ್ಲಿಂದ ನನ್ನೇ ನೋಡ್ತಿದ್ದೀರಿ?”

“ಕತ್ತು ತಿರುಗ್ತಿಲ್ಲ ಕಣಮ್ಮ.”

“ನಮ್ಮೆಜಮಾನ್ರು ಇಂದ್ಗಡೆ ಸೀಟಲ್ಲವ್ರೆ. ಕರೀಲಾ? ತಿರುಗಿಸ್ಕೊಡ್ತಾರೆ.”

ಉಳಿದ ದಾರಿಯನ್ನು ನಿಂತೇ ಸವೆಸಿದೆ.

ಮನೆ ಸೇರುವ ಹೊತ್ತಿಗೆ ತಲೆಯ ಬಲಭಾಗವೂ ಸಿಡಿಯತೊಡಗಿತ್ತು. “ಅರ್ಧ ತಲೆನೋವು ಬಿಟ್ಬರ್ತೀನಿ ಅಂತ ಓಗಿ ಪೂರ್ತಿ ಮಾಡ್ಕಂಡ್ ಬಂದ್ರಾ,” ಎನ್ನುತ್ತ ಕೋಮಲ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಕತ್ತಿಗೆ ಒತ್ತಿ ನನ್ನ ಎಡಕ್ಕೆ ಕೂತಳು. ಬೇರೆಲ್ಲೂ ನೋಡುವ ಸೌಕರ್ಯವಿಲ್ಲದೆ ಅವಳನ್ನೇ ನೋಡಿದೆ. ಹಳೆಯ ಸೀರೆಯ ಚೂರೊಂದನ್ನು ಹಣೆಗೆ ಬಿಗಿದುಕೊಂಡಿದ್ದಳು. ಬಲ್ಬಿನ ಬೆಳಕಿಗೆ ಕಣ್ಣು ಕಿರಿದಾಗಿಸಿದ್ದಳು. ನನಗೆ ತೀರಾ ಪರಿಚಯದ ಲಕ್ಷಣಗಳು.

“ನಿಂಗೂ ತಲೆನೋವಾ? ಯಾವಾಗಿಂದ?”

“ನಿಮ್ಗಿಂತ ಎರಡೊರ್ಸ ಮುಂಚಿಂದ.”

“ಒಂದಿನಾನೂ ಹೇಳ್ಲಿಲ್ವಲ್ಲ?”

“ಏಳ್ತಾನೇ ಇದ್ನಲ್ಲ,” ಎಂದಳು, ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದುತ್ತ. “ಆಗ ನಿಮ್ ಕತ್ತು ಎಲ್ಲಾ ಕಡೀಕೂ ತಿರುಗ್ತಿತ್ತು.”