ಬಾರ್ನಬೆಯ ಕೊನೆಯ ಗುಟುಕು

ನಮ್ಮ ಜ್ಯೂರಾ ಬೆಟ್ಟದ ಹಳದಿ ವೈನಿನ ವಾಸನೆಗೆ ಸತ್ತ ಹೆಣವೂ ಎದ್ದು ಕೂರುತ್ತದೆ. ಬಾರ್ನಬೆ ಮುದುಕ ಎದ್ದು ಕೂತದ್ದನ್ನು ಇಡೀ ಊರೇ ನೋಡಿದೆ. ಇದರಲ್ಲಿ ಅರ್ಧ ಸುಳ್ಳು, ಇರಲಿ ಬಿಡಿ. ಎದ್ದು ಕೂತದ್ದು ನಿಜ. ಆಗಿನ್ನೂ ಸತ್ತಿರಲಿಲ್ಲ, ಅಷ್ಟೇ.

ಬದುಕಿದ್ದೂ ಸತ್ತ ಹಾಗಿದ್ದವನು ಮನೆಯಳಿಯ ಫಿರ್ಮಾಂ. ಹೆಂಡತಿ ಮಣ್ಣಿಗೆ ಹೋದ ಮೇಲೂ ಮಾವನ ದ್ರಾಕ್ಷಿ ತೋಟದಲ್ಲಿ ಕತ್ತೆಯ ಹಾಗೆ ದುಡಿದವನು. ಅವತ್ತು ಬೆಳಿಗ್ಗೆ ಮಾವ ಹಾಸಿಗೆಯಿಂದಲೇ ನೆಲಮಾಳಿಗೆಯ ಕೀಲಿಕೈ ಎಸೆದ.

"ಲೋ, ಮೂಲೆ ಪೀಪಾಯಿಗೆ ಇವತ್ತಿಗೆ ಆರು ವರ್ಷ ಮೂರು ತಿಂಗಳು ತುಂಬ್ತು. ಒಂದು ಲೋಟ ತಗೊಂಬಾ, ರುಚಿ ನೋಡಿ ಸಾಯ್ತೀನಿ. ಕೀಲಿ ವಾಪಸ್ ನನ್ನ ಕೈಗೇ ಕೊಡು. ವೈನು ಸರಿಯಾಗಿದ್ರೆ ಮನೆ, ತೋಟ ಎಲ್ಲಾ ನಿಂದು. ಇಲ್ಲದಿದ್ರೆ ಗಂಟುಮೂಟೆ ಕಟ್ಟು."

ಹಳದಿ ವೈನಿನ ಪೀಪಾಯಿಯನ್ನು ಅಷ್ಟು ಕಾಲ ಯಾರೂ ಮುಟ್ಟಬಾರದು. ಆವಿಯಾಗಿ ಇಳಿದರೂ ಮೇಲೆ ತುಂಬಬಾರದು, ವೈನಿನ ಮೇಲೆ ಕೆನೆಯ ಹಾಗೆ ಕಟ್ಟಿದ ಪರೆ ಒಡೆಯಬಾರದು. ಫಿರ್ಮಾಂ ಕೆಳಗಿಳಿದು ಬಿರಡೆ ತೆಗೆದು ನೋಡಿದ. ಪೀಪಾಯಿ ಬಸುರಿ ಹೊಟ್ಟೆಯ ಹಾಗೆ ಕಂಠಮಟ್ಟ ತುಂಬಿತ್ತು! ನಾಲಿಗೆಗೆ ಹಾಕಿದರೆ ಬರೀ ಹೊಸ ಬಿಳಿ ವೈನು.

ಕೀಲಿಯನ್ನು ಮಾವನ ಮುಷ್ಟಿಗೆ ತುರುಕಿ, ಹಿತ್ತಲಿನಿಂದ ಪಕ್ಕದ ಮನೆಯ ಪೆರ್ನೆತ್ ಅಜ್ಜಿಯ ಹತ್ತಿರ ಓಡಿದ. ಅವಳು ಬಾಗಿಲಲ್ಲಿ ಕೂತು ಬರಿಗೈಯಲ್ಲಿ ಅಕ್ರೋಟು ಒಡೆಯುತ್ತಿದ್ದಳು. ಅವಳ ವೈನು ವಿನೆಗರ್ ಎಂದು ಬಾರ್ನಬೆ ಒಮ್ಮೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಸಾರಿದಂದಿನಿಂದ ಎರಡೂ ಮನೆಗೆ ಮಾತಿಲ್ಲ.

"ಅಜ್ಜಿ, ಒಂದು ಬಾಟಲಿ ಹಳದಿ ಕೊಡಿ. ಯಾರಿಗೂ ಹೇಳ್ಬೇಡಿ."

"ಕೊಡ್ತೀನಿ ಮಗ. ಆದರೆ ಅವನು ಕುಡಿಯೋವಾಗ ನಾನು ಎದುರಿಗೆ ಕೂತಿರ್ಬೇಕು." ಕಟ್ ಎಂದು ಒಂದು ಅಕ್ರೋಟು ಒಡೆಯಿತು.

ಫಿರ್ಮಾಂ ವಾಪಸ್ ಬರುವಷ್ಟರಲ್ಲಿ ಮುದುಕನ ಕೋಣೆ ಸಂತೆಯಾಗಿತ್ತು. ಬಾರ್ನಬೆ ಸಾಯುತ್ತಾನೆ ಎನ್ನುವುದಕ್ಕಿಂತ ಪೀಪಾಯಿ ತೆರೆಯುತ್ತಾರೆ ಎನ್ನುವುದೇ ಊರಿಗೆ ದೊಡ್ಡ ಸುದ್ದಿ. ಕಟುಕ ಗಾಸ್ಪಾರ್ ತೋಳುದ್ದದ ಹೊಗೆ ಸಾಸೇಜು ತಂದಿದ್ದ. ಚೀಸ್ ಮಾಡುವ ಓದೀಲ್, ನಮ್ಮ ಬೆಟ್ಟದ ಕೊಂತೆ ಚೀಸಿನ ದೊಡ್ಡ ಹೋಳು ಹೊತ್ತು ಬಂದಿದ್ದಳು.

"ಮೊದಲು ನನ್ನ ಸಾಸೇಜು ತಿನ್ನಲಿ, ಓದೀಲಕ್ಕ. ಸಾಯೋನಿಗೆ ಶಕ್ತಿ ಬೇಕು."

"ಸಾಯೋಕೆ ಯಾಕಯ್ಯಾ ಶಕ್ತಿ? ಹಳದಿ ವೈನಿಗೆ ಕೊಂತೆ ಚೀಸೇ ಜೋಡಿ. ನಿನ್ನ ಹಂದಿ ತಿಂದ್ರೆ ಅವನು ನೆಟ್ಟಗೆ ನರಕಕ್ಕೆ!"

"ನಾನಿನ್ನೂ ಇಲ್ಲೇ ಇದೀನಿ ಕಣ್ರೋ," ಎಂದ ಬಾರ್ನಬೆ ಹಾಸಿಗೆಯಿಂದ.

ಲೋಟ ತುಟಿಗೆ ಬಂತು. ಮುದುಕ ಮೂಸಿದ. ಎದ್ದು ಕೂತ! ಒಂದು ಗುಟುಕು, ಒಂದು ತುಂಡು ಚೀಸು, ಒಂದು ಚೂರು ಸಾಸೇಜು, ಮತ್ತೊಂದು ಗುಟುಕು. ಕಣ್ಣಲ್ಲಿ ನೀರು ಬಂತು.

"ಅಪ್ಪಟ ಹಳದಿ. ನನ್ನ ಜನ್ಮದಲ್ಲಿ ಇಂಥದ್ದು ಕುಡಿದಿಲ್ಲ."

ಗುಂಪಿನ ಹಿಂದೆ ಮೂಲೆಯಲ್ಲಿ ಬಂದು ಕೂತಿದ್ದ ಪೆರ್ನೆತ್ ಅಜ್ಜಿ ಅಕ್ರೋಟು ಒಡೆಯುವುದನ್ನು ನಿಲ್ಲಿಸಿದಳು.

"ಅಂದ್ಮೇಲೆ ಇದು ನಮ್ಮ ಪೀಪಾಯೀದಲ್ಲ," ಎಂದ ಮಾವ. "ಕಾಲು ಮುರಿಯೋವರೆಗೂ ಭಾನುವಾರ ನೀನು ಚರ್ಚಿಗೆ ಹೋದಾಗಲೆಲ್ಲ ಅದರಿಂದ ಕುಡಿದಿದ್ದು ನಾನು. ಹೊಸ ವೈನು ಸುರಿದು ತುಂಬಿಸಿದ್ದೂ ನಾನೇ. ಅದು ಎಲ್ಲಿಂದ ಹಳದಿಯಾಗ್ಬೇಕು? 'ಮಾವ, ಕೆಟ್ಟುಹೋಗಿದೆ' ಅಂತ ಒಂದು ಮಾತು ನಿಜ ಹೇಳಿದ್ರೆ ಎಲ್ಲಾ ನಿಂದೇ ಆಗ್ತಿತ್ತಲ್ಲೋ, ದಡ್ಡ!"

ಫಿರ್ಮಾಂನ ಮುಖ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಗಾಸ್ಪಾರ್ ಸಾಸೇಜು ಜಗಿಯುವುದನ್ನೂ ಮರೆತ.

"ಯಾರ ಮನೇದು ಇದು?" ಮುದುಕ ಕೀಲಿ ಹಿಡಿದ ಕೈ ಚಾಚಿದ. "ಎಲ್ಲರೂ ಸಾಕ್ಷಿ. ಇದನ್ನ ಮಾಡಿದೋರಿಗೇ ಮನೆ, ತೋಟ, ಕೀಲಿ."

ಪೆರ್ನೆತ್ ಅಜ್ಜಿ ಎದ್ದು ಬಂದು ಹಾಸಿಗೆಯ ಪಕ್ಕ ನಿಂತಳು. "ವಿನೆಗರ್ ಚೆನ್ನಾಗಿತ್ತಾ, ಬಾರ್ನಬೆ?"

ಮುದುಕ ಅವಳನ್ನು ನೋಡಿದ. ಬಾಯಿ ತೆರೆದ. ಚಾಚಿದ ಕೈಯನ್ನು ಸರಕ್ಕನೆ ಎದೆಗೆ ಎಳೆದುಕೊಂಡ. ಹಾಗೇ ಹೋಗಿಬಿಟ್ಟ.

ಓದೀಲ್ ಶಿಲುಬೆ ಗುರುತು ಹಾಕಿಕೊಂಡಳು. ಗಾಸ್ಪಾರ್ ಉಳಿದ ವೈನನ್ನು ದುಃಖದಿಂದಲೇ ಮುಗಿಸಿದ. ಫಿರ್ಮಾಂ ಅಳುತ್ತ ಮಾವನ ಮುಷ್ಟಿಯನ್ನು ಬಿಡಿಸಲು ನೋಡಿದ. ಒಡೆಯದ ಅಕ್ರೋಟಿನ ಹಾಗೆ ಬಿಗಿದಿತ್ತು, ಒಂದು ಬೆರಳೂ ಅಲ್ಲಾಡಲಿಲ್ಲ.

"ಸರಿ ಮಗ, ಆ ಕಡೆ ಹೋಗು," ಎಂದಳು ಪೆರ್ನೆತ್ ಅಜ್ಜಿ, ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ.

ಆಮೇಲೆ ಕೋಣೆಯಲ್ಲಿ ಕಟ್ ಎಂದದ್ದು ಏನು, ನೀವೇ ಹೇಳಿ ನೋಡೋಣ.