ಬೆಳಿಗ್ಗೆ ಹತ್ತಕ್ಕೇ ಲಾಂಗ್ ಬೆಲ್

ಗಂಟೆ ಹೊಡೆಯುವುದಕ್ಕೆ ಏನು ಮಹಾ ವಿದ್ಯೆ ಬೇಕು ಎಂದು ನಾನು ನಂಬಿದ್ದ ಕಾಲವೊಂದಿತ್ತು. ಅದು ಹೋದ ತಿಂಗಳವರೆಗೆ.

ನಾನು ಓದಿದ್ದು ತುಮಕೂರಿನ ಒಂದು ಹಳೆಯ ಮಿಷನ್ ಸ್ಕೂಲಿನಲ್ಲಿ. ಹಣೆಗೆ ವಿಭೂತಿ ಬಳಿದುಕೊಂಡು ಹೋಗಿ ಯೇಸುವಿನ ಪ್ರಾರ್ಥನೆ ಹೇಳಿ ಬರುತ್ತಿದ್ದ ಮಕ್ಕಳು ನಾವು. ನಮ್ಮಜ್ಜಿಗೆ ಅದರಲ್ಲಿ ಯಾವ ತಕರಾರೂ ಇರಲಿಲ್ಲ. "ದೇವ್ರ ಹಾಡು ತಾನೆ, ಗಟ್ಟಿಯಾಗಿ ಹೇಳು" ಎನ್ನುತ್ತಿದ್ದಳು. ಶಾಲೆಯ ಅಂಗಳದಲ್ಲಿ ಒಂದು ಕಲ್ಲಿನ ಕಮಾನು, ಅದರಲ್ಲಿ ಹಡಗಿನಲ್ಲಿ ಬಂದಿತ್ತೆಂದು ಹೇಳುವ ಕಂಚಿನ ಗಂಟೆ, ಗಂಟೆಯಿಂದ ಇಳಿಬಿದ್ದ ನಾರಿನ ಹಗ್ಗ. ಒಂದೇಟು ಬಿದ್ದರೆ ಪೀರಿಯಡ್ ಬದಲು. ಎರಡೇಟಿಗೆ ಊಟ. ನಿಲ್ಲಿಸದೆ ಹೊಡೆದರೆ ಲಾಂಗ್ ಬೆಲ್, ಮನೆಗೆ. ಆ ಹಗ್ಗ ಮುಟ್ಟುವ ಅಧಿಕಾರ ಅಟೆಂಡರ್‌ಗೆ ಬಿಟ್ಟರೆ ಯಾರಿಗೂ ಇರಲಿಲ್ಲ. ಎಳೆದಾಗ ಕೈಗೆ ಹೇಗನ್ನಿಸುತ್ತದೆ? ಭಾರವೇ, ಹಗುರವೇ? ಈ ಕುತೂಹಲವನ್ನು ಹೊತ್ತುಕೊಂಡೇ ಎಸೆಸೆಲ್ಸಿ ಮುಗಿಸಿದೆ, ಮದುವೆಯಾದೆ, ಫಿಸಿಕ್ಸ್ ಲೆಕ್ಚರರ್ ಆಗಿ ರಿಟೈರ್ ಕೂಡ ಆದೆ.

ಈ ವರ್ಷ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನಮ್ಮ ಹೆಡ್‌ಮಿಸ್ ಆಗಿದ್ದ ಗ್ರೇಸ್ ಮಿಸ್‌ಗೆ ಸನ್ಮಾನ ಮಾಡುವುದೆಂದು ತೀರ್ಮಾನಿಸಿದೆವು. ಎಂಬತ್ತು ದಾಟಿರುವ ಅವರು ಈಗ ಕುಣಿಗಲ್‌ನಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆ. ಕರೆಯಲು ಹೋದವನು ನಾನೇ.

"ಹಾರ ಬೇಡ, ಶಾಲು ಬೇಡ ಕಣಪ್ಪ" ಎಂದರು ಮಿಸ್. "ಆ ಅಂಗಳದಲ್ಲಿ ಮಕ್ಕಳು ನಿಂತ್ಕೊಂಡು ಬೆಳಗಿನ ಪ್ರಾರ್ಥನೆ ಹೇಳೋದನ್ನ ಒಂದ್ಸಲ ಕೇಳ್ಬೇಕು. ಅಷ್ಟಾದ್ರೆ ಸಾಕು. ಮುಂದಿನ ವರ್ಷಕ್ಕೆ ಇರ್ತೀನೋ ಇಲ್ವೋ."

"ಅದು ನನ್ನ ಜವಾಬ್ದಾರಿ ಮಿಸ್" ಎಂದೆ. ಈ ಲೋಕದ ಅನಾಹುತಗಳೆಲ್ಲ ಶುರುವಾಗುವುದೇ ಈ ಮಾತಿನಿಂದ.

ಪ್ರಾರ್ಥನೆ ಎಂದ ಮೇಲೆ ಅದಕ್ಕೆ ಮುಂಚೆ ಹಳೆಯ ಗಂಟೆಯ ಒಂದೇಟು ಬೀಳಬೇಡವೇ? ಈಗಿನ ಹೆಡ್‌ಮಾಸ್ಟರು ತಲೆಯಾಡಿಸಿದರು. "ಈಗೆಲ್ಲ ಕರೆಂಟ್ ಬೆಲ್ಲು ಸಾರ್. ಆ ಹಳೇ ಗಂಟೆ ಅಚ್ಚು ತುಕ್ಕು ಹಿಡಿದು ಜಾಮ್ ಆಗಿದೆ, ಅಲ್ಲಾಡಲ್ಲ."

ಜಾಮ್ ಎಂದರೆ ಏನು? ಘರ್ಷಣೆ. ಘರ್ಷಣೆಯನ್ನು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಮನೆಗೆ ಬಂದವನೇ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆಯ ಡಬ್ಬ ಎತ್ತಿಕೊಂಡೆ. ಹೆಂಡತಿ ಗಿರಿಜಾ ಬಾಗಿಲಿಗೆ ಅಡ್ಡ ನಿಂತಳು.

"ರೀ, ಎಣ್ಣೆ ಎಲ್ಲಿಗೆ?"

"ಗಂಟೆಗೆ."

"ಮನೆ ಬಾಗ್ಲು ಕಿರ್ ಅನ್ನುತ್ತೆ, ಒಂದು ತೊಟ್ಟು ಹಾಕಿ ಅಂತ ಯುಗಾದಿಯಿಂದ ಬಡ್ಕೋತಿದೀನಿ. ಅದಕ್ಕಿಲ್ಲ, ಊರ ಗಂಟೆಗೆ ಎಣ್ಣೆ."

ಮಹತ್ಕಾರ್ಯಕ್ಕೆ ಹೊರಟವನು ಇಂಥ ಮಾತಿಗೆಲ್ಲ ಉತ್ತರ ಕೊಡಬಾರದು. ಹೋಗಿ, ಏಣಿ ಹತ್ತಿ, ಗಂಟೆಯ ಅಚ್ಚಿಗೆ ಡಬ್ಬ ಪೂರ್ತಿ ಸುರಿದೆ. ಕೆಳಗೆ ಏಣಿ ಹಿಡಿದಿದ್ದ ವಾಚ್‌ಮನ್, "ಒಂದ್ಸಲ ಅಲ್ಲಾಡ್ಸಿ ನೋಡಿ ಸಾರ್" ಎಂದ. ಮೊದಲ ಏಟು ಮಿಸ್ ಎದುರಿಗೇ ಬೀಳಬೇಕೆಂದು ಗತ್ತಿನಿಂದ ಹೇಳಿ ಇಳಿದುಬಿಟ್ಟೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲ ಸಿದ್ಧ. ಅಂಗಳದ ತುಂಬ ಸಾಲು ಸಾಲು ಮಕ್ಕಳು, ಎದುರಿಗೆ ಕುರ್ಚಿಯಲ್ಲಿ ಗ್ರೇಸ್ ಮಿಸ್, ಪಕ್ಕದಲ್ಲಿ ಅವರ ತಂಗಿಯ ಮಗಳು ಮತ್ತು ಗಿರಿಜಾ. ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಬೊಕ್ಕತಲೆಯ ಹಳೆಯ ವಿದ್ಯಾರ್ಥಿಗಳು. ನಾನು ಹಗ್ಗ ಹಿಡಿದು ಎಳೆದೆ.

ಢಣ್.

ಭಾರವೂ ಅಲ್ಲ, ಹಗುರವೂ ಅಲ್ಲ. ತುಂಬಿದ ಕೊಡವನ್ನು ಬಾವಿಯಿಂದ ಸೇದಿದ ಹಾಗಿತ್ತು. ಮೈ ಜುಮ್ಮೆಂದಿತು. ಇಷ್ಟು ವರ್ಷದ ಕುತೂಹಲ ತೀರಿತೆಂದು ಹಗ್ಗ ಬಿಟ್ಟೆ. ಗಂಟೆ ಬಿಡಲಿಲ್ಲ. ಢಣ್, ಢಣ್, ಢಣ್. ಘರ್ಷಣೆ ಇಲ್ಲದ ಲೋಲಕ ನಿಲ್ಲುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆಸಿದವನಿಗೆ ಅದು ನೆನಪಾದದ್ದು ಆಗ. ನಿಲ್ಲಿಸೋಣವೆಂದು ಹಗ್ಗ ಜಗ್ಗಿದೆ. ಜಗ್ಗಿದಷ್ಟೂ ಅದಕ್ಕೆ ಹುರುಪು ಹೆಚ್ಚಿತು.

"ಲಾಂಗ್ ಬೆಲ್ಲು ಕಣ್ರೋ" ಎಂದು ಸಾಲಿನಲ್ಲಿ ಯಾರೋ ಅಂದರು. ಅಷ್ಟೇ. ಬ್ಯಾಗುಗಳು ಹೆಗಲೇರಿದವು. "ನಿಂತ್ಕೊಳ್ರೋ" ಎಂಬ ಮೇಷ್ಟ್ರುಗಳ ಕೂಗು ಢಣಢಣದಲ್ಲಿ ಮುಳುಗಿತು. ವಾಚ್‌ಮನ್ ಎರಡೂ ಕಡೆಯ ಗೇಟು ತೆರೆದು ನಿಂತ. ಲಾಂಗ್ ಬೆಲ್ ಆದರೆ ಗೇಟ್ ತೆಗೆಯಬೇಕೆಂದು ಅವನಿಗೆ ಹೇಳಿದ್ದರು, ಟೈಮ್ ನೋಡೆಂದು ಯಾರೂ ಹೇಳಿರಲಿಲ್ಲ. ಮೇಷ್ಟ್ರುಗಳು ಮಕ್ಕಳ ಹಿಂದೆ ಓಡಿದರು.

ಅದೂ ಹೋಗಲಿ. ಹಿಂದಿನ ಕುರ್ಚಿಗಳಲ್ಲಿದ್ದವರೂ ಎದ್ದರು. ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಸಿದ್ದಲಿಂಗ ಕುರ್ಚಿಯ ಕೆಳಗೆ ಬ್ಯಾಗು ತಡಕಾಡುತ್ತಿದ್ದ.

"ಎಲ್ಲಿಗ್ಲಾ ಹೊರಟೆ?" ಎಂದೆ ಹಗ್ಗಕ್ಕೆ ಜೋತಾಡುತ್ತಾ.

"ಗೊತ್ತಿಲ್ಲ ಕಣೋ, ಕಾಲು ತಾನಾಗೇ ಎದ್ಬುಡ್ತು" ಎಂದವನು ಗೇಟು ದಾಟಿ, ಉಳಿದವರ ಜೊತೆ ಎದುರಿನ ಹೋಟೆಲಿಗೆ ನಡೆದ.

ಕೊನೆಯ ಉಪಾಯವಾಗಿ ಹಗ್ಗವನ್ನು ಕಂಬಕ್ಕೆ ಸುತ್ತಿ ಎಳೆದೆ. ಹಗ್ಗ ಕಿತ್ತು ಬಂತು, ನಾನು ನೆಲಕ್ಕೆ ಕುಕ್ಕರಿಸಿದೆ. ಗಂಟೆ ಇನ್ನಷ್ಟು ಬಾರಿಸಿ, ತನಗೇ ಬೇಜಾರಾಗಿ ನಿಂತಿತು. ಅಂಗಳದಲ್ಲಿ ಉಳಿದವರು ಮಿಸ್, ಅವರ ತಂಗಿಯ ಮಗಳು, ಗಿರಿಜಾ ಮತ್ತು ನಾನು.

ನನಗೆ ನಗು ಬರಲಿಲ್ಲ. ಆ ಹಿರಿಯ ಜೀವ ಕುಣಿಗಲ್‌ನಿಂದ ಬಂದದ್ದು ಒಂದೇ ಒಂದು ಹಾಡು ಕೇಳಲು. ಹಾಡಬೇಕಾದ ಮಕ್ಕಳನ್ನೆಲ್ಲ ನಾನೇ ಮನೆಗೆ ಕಳಿಸಿದ್ದೆ.

"ಅಷ್ಟು ವರ್ಷ ಪಾಠ ಮಾಡಿದ್ರಲ್ಲ, ನಿಲ್ಲಿಸೋ ಚಾಪ್ಟರ್ ಇರ್ಲಿಲ್ವಾ?" ಎಂದಳು ಗಿರಿಜಾ. ಮಿಸ್ ಮುಖ ನೋಡಿ ದನಿ ತಗ್ಗಿಸಿದಳು. "ಮಕ್ಕಳು ಬೇಕು ತಾನೆ? ಎದುರ್ಗಡೆ ಹೋಟ್ಲಲ್ಲಿ ದೋಸೆ ತಿಂತಿರೋವು ಇವ್ರ ಮಕ್ಕಳೇ ಅಲ್ವಾ? ಕರ್ಕೊಂಡ್ ಬನ್ನಿ ಹೋಗಿ."

ಬಂದರು, ಬಾಯಿ ಒರೆಸಿಕೊಳ್ಳುತ್ತಾ. ಯಾರೂ ಹೇಳದೆ ಎತ್ತರದ ಪ್ರಕಾರ ಸಾಲಾಗಿ ನಿಂತೆವು, ಕೈ ಮುಗಿದೆವು. ಪ್ರಾರ್ಥನೆಯ ಮೊದಲ ಸಾಲು ಎಲ್ಲರಿಗೂ ಬಂತು. ಎರಡನೆಯದು ಸಿದ್ದಲಿಂಗನಿಗೆ ಮಾತ್ರ. ಮೂರನೆಯದು ಯಾರಿಗೂ ಇಲ್ಲ. ಕಣ್ಣು ಮುಚ್ಚಿ ಕೂತಿದ್ದ ಮಿಸ್ ಸಣ್ಣ ದನಿಯಲ್ಲಿ ಎತ್ತಿಕೊಂಡರು. ಅವರು ಹೇಳಿಕೊಟ್ಟಂತೆ ನಾವು ಹೇಳಿದೆವು, ಕೊನೆಯವರೆಗೂ. ನನ್ನ ಕಣ್ಣು ತುಂಬಿ ಬಂತು.

ಮಿಸ್ ಸೆರಗಿನಿಂದ ಮುಖ ಒರೆಸಿಕೊಂಡರು. "ಮಕ್ಕಳು ಹೇಳಿದ್ರು, ಕೇಳ್ದೆ" ಎಂದವರು ನನ್ನತ್ತ ತಿರುಗಿದರು. "ಸರ್ವೀಸ್ ಪೂರ್ತಿ, ಲಾಂಗ್ ಬೆಲ್ ಆದ್ಮೇಲೂ ಎಲ್ಲಾ ರೂಮಿಗೆ ಬೀಗ ಹಾಕ್ಸೋವರ್ಗೂ ಇಲ್ಲೇ ಕೂತಿರ್ತಿದ್ದೆ. ಬೆಲ್ ಆದ ತಕ್ಷಣ ಗೇಟ್ ದಾಟೋದು ಹೆಂಗಿರುತ್ತೆ ಅಂತ ಒಂದಿನಾನೂ ನೋಡ್ಲಿಲ್ಲ. ಇನ್ನೊಂದ್ಸಲ ಹೊಡಿಯೋ, ನಾನೂ ಹೋಗ್ತೀನಿ."

ನಾನು ಕಮಾನಿನತ್ತ ನೋಡಿದೆ. ಹಗ್ಗ ನನ್ನ ಕೈಯಲ್ಲಿತ್ತು. ಗಂಟೆ ಮೇಲಿತ್ತು.

ಹೀಗಾಗಿ, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕನಾದ ನಾನು, ಹಾಡುಹಗಲಲ್ಲಿ, ಎರಡೂ ಕೈ ಬಾಯಿಗಿಟ್ಟುಕೊಂಡು "ಢಣ ಢಣ ಢಣ" ಎಂದು ಅರಚತೊಡಗಿದೆ. ಮಿಸ್ ತಂಗಿಯ ಮಗಳ ಕೈ ಹಿಡಿದು, ಆದಷ್ಟು ಬಿರಬಿರನೆ ನಡೆದು ಗೇಟು ದಾಟಿದರು. ದಾಟಿದವರು ತಿರುಗಿ ನಿಂತು ಅಂದರು:

"ಸಾಕು ನಿಲ್ಸೋ. ನೀನು ಇಷ್ಟು ಚೆನ್ನಾಗಿ ಹೊಡೀತೀಯ ಅಂತ ಗೊತ್ತಿದ್ರೆ, ಆ ಗಂಟೆ ಅವತ್ತೇ ಬಿಚ್ಚಿಸಿ ನಿನ್ನನ್ನೇ ನಿಲ್ಲಿಸ್ತಿದ್ದೆ."